ಮೂರು ಕ್ಯಾಮ್ ಹಾಕಿ ನೋಡಿದೆ, ಒಂದು ಉಳಿಯಿತು

ನನ್ನ ಬೈಕಿನಲ್ಲಿ ಈಗ ಓಡುತ್ತಿರುವುದು ಡಬ್ಬಿಯ ಮೇಲೆ 238 ಎಂದು ಬರೆದಿದ್ದ ಕ್ಯಾಮ್. ಕ್ಯಾಮ್ ಅಂದರೆ ಇಂಜಿನಿನ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಉಬ್ಬುಗಳಿರುವ ದಂಡ. ಹಾಕಿ ಒಂಬತ್ತು ತಿಂಗಳಾಯಿತು, 7000 ಕಿಲೋಮೀಟರ್ ಓಡಿದೆ. ಇದಕ್ಕೂ ಮೊದಲು 290 ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ ಇನ್ನೊಂದನ್ನು ತಂದು, ನಾಲ್ಕು ತಿಂಗಳು ಅದರ ಜೊತೆ ಗುದ್ದಾಡಿ, ಬಿಚ್ಚಿಟ್ಟೆ. ಅದಕ್ಕೂ ಮೊದಲು ಕಂಪನಿ ಕ್ಯಾಮನ್ನೇ ಗ್ರೈಂಡ್ ಮಾಡಿಸಿ ಹಾಕಿದ್ದೆ. ಅದು ಸಾವಿರ ಕಿಲೋಮೀಟರ್ ಕೂಡ ಬಾಳಲಿಲ್ಲ. ಮೂರಕ್ಕೂ ದುಡ್ಡು ನನ್ನದೇ, ಬಿಚ್ಚಿ ಹಾಕಿದ ಕೈಯೂ ನನ್ನದೇ. ಯಾರೂ ಪುಕ್ಕಟೆ ಕೊಟ್ಟಿಲ್ಲ, ಹಾಗಾಗಿ ಯಾರ ಹಂಗೂ ಇಲ್ಲ.

ಇಂಜಿನ್ ಯಾವುದು ಎಂದು ಹೇಳದೆ ಕ್ಯಾಮ್ ಹೊಗಳಿದರೂ ಬೈದರೂ ಅರ್ಥವಿಲ್ಲ. ನನ್ನದು ಗಾಳಿಗೆ ತಣಿಯುವ ಒಂಟಿ ಸಿಲಿಂಡರ್. ಮೇಲೆ ಒಂದೇ ಕ್ಯಾಮ್, ಎರಡು ವಾಲ್ವ್, ಚಪ್ಪಟೆ ಪ್ಯಾಡಿನ ರಾಕರ್ (ಕ್ಯಾಮಿನ ಒತ್ತನ್ನು ವಾಲ್ವಿಗೆ ಮುಟ್ಟಿಸುವ ಸನ್ನೆ), ಕಾರ್ಬ್ಯುರೇಟರ್. ಮೂಲ ಬೋರ್ (ಸಿಲಿಂಡರಿನ ಅಗಲ) 57.3, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 57.8 ಮಿ.ಮೀ., ಅಂದರೆ 149 ಸಿಸಿ. ಬ್ಲಾಕ್ ಬೋರ್ ಮಾಡಿಸಿ 63.5ರ ಪಿಸ್ಟನ್ ಕೂರಿಸಿದ ಮೇಲೆ 183 ಸಿಸಿ ಆಯಿತು. ಹೆಡ್ಡನ್ನು ಅರ್ಧ ಮಿಲಿಮೀಟರ್ ಫೇಸಿಂಗ್ ಮಾಡಿಸಿ ತಗ್ಗಿಸಿದ್ದೇನೆ, ಕಂಪ್ರೆಷನ್ ಅನುಪಾತ 10.5. ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ 31 ಮಿ.ಮೀ. ಓಡಿಸುವುದು ದಿನಾ ಕೆಲಸಕ್ಕೆ ಹೋಗಿ ಬರಲು, ಹೆಚ್ಚಿನ ಸಮಯ 4000ದಿಂದ 7500 ಆರ್‌ಪಿಎಂ ನಡುವೆ, ಆಗಾಗ ಹಿಂದೆ ಒಬ್ಬರು ಕೂತಿರುತ್ತಾರೆ. ಈ ಕೊನೆಯ ವಾಕ್ಯ ಬರೆಯಲು ನನಗೆ ಎರಡು ಕ್ಯಾಮ್ ಬೇಕಾಯಿತು. ಮೊದಲ ಸಲ ಕೇಳಿದ್ದರೆ "ಫುಲ್ ಪವರ್ ಬೇಕು" ಎಂದಿರುತ್ತಿದ್ದೆ.

ಈಗ ಆ 290ರ ವಿಷಯ. ಕ್ಯಾಮಿನ ಡ್ಯುರೇಷನ್ ಅಂದರೆ ವಾಲ್ವ್ ಎಷ್ಟು ಡಿಗ್ರಿ ಹೊತ್ತು ತೆರೆದಿರುತ್ತದೆ ಎಂಬ ಲೆಕ್ಕ. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು, ಡಿಗ್ರಿ ಲೆಕ್ಕ ಯಾವಾಗಲೂ ಕ್ರ್ಯಾಂಕಿನದ್ದು. ಇಲ್ಲಿಯವರೆಗೆ ಎಲ್ಲರಿಗೂ ಒಂದೇ. ಜಗಳ ಶುರುವಾಗುವುದು "ತೆರೆದಿದೆ" ಅಂದರೇನು ಎಂಬಲ್ಲಿ. ಕ್ಯಾಮಿನ ಲೋಬ್, ಅಂದರೆ ಆ ಉಬ್ಬು, ವಾಲ್ವನ್ನು ದಿಢೀರನೆ ಒದೆಯುವುದಿಲ್ಲ. ಮೊದಲು ಒಂದು ಮೆಲ್ಲನೆಯ ಏರು ಇರುತ್ತದೆ, ಟ್ಯಾಪೆಟ್ ಸಂದನ್ನು (ರಾಕರಿಗೂ ವಾಲ್ವಿಗೂ ನಡುವೆ ಬಿಡುವ ಸಣ್ಣ ಜಾಗ) ಸದ್ದಿಲ್ಲದೆ ಮುಚ್ಚಲು. ಆ ಏರಿನಲ್ಲಿ ಹತ್ತಿಪ್ಪತ್ತು ಡಿಗ್ರಿ ಕಳೆದರೂ ವಾಲ್ವ್ ಎದ್ದಿರುವುದು ಕಾಗದದ ದಪ್ಪದಷ್ಟು. ಒಬ್ಬರು ಅಲ್ಲಿಂದಲೇ ಎಣಿಸುತ್ತಾರೆ. ಇನ್ನೊಬ್ಬರು ವಾಲ್ವ್ 1 ಮಿ.ಮೀ. ಎದ್ದ ಮೇಲೆ ಎಣಿಸುತ್ತಾರೆ. ಅಮೆರಿಕದವರು ಲಿಫ್ಟ್ (ಎದ್ದ ಎತ್ತರ) 0.050 ಇಂಚು, ಅಂದರೆ 1.27 ಮಿ.ಮೀ. ಆದ ಮೇಲೆ. ಒಂದೇ ಕ್ಯಾಮಿಗೆ ಮೂರು ನಂಬರ್ ಬರುತ್ತದೆ, ಮೂರೂ ಸುಳ್ಳಲ್ಲ. ನನ್ನ 290ರ ಡಬ್ಬಿಯ ಮೇಲೆ ಎಲ್ಲಿಂದ ಎಣಿಸಿದ್ದು ಎಂದು ಬರೆದಿರಲೇ ಇಲ್ಲ. 238ರ ಜೊತೆ ಬಂದ ಚೀಟಿಯಲ್ಲಿ "1 ಮಿ.ಮೀ. ಲಿಫ್ಟಿನಲ್ಲಿ" ಎಂದು ಸ್ಪಷ್ಟವಾಗಿತ್ತು.

ಎರಡನ್ನೂ ಕಂಪನಿ ಕ್ಯಾಮನ್ನೂ ಒಂದೇ ಹೆಡ್ಡಿನಲ್ಲಿ, ಒಂದೇ ಡಿಗ್ರಿ ವೀಲ್ (ಕ್ರ್ಯಾಂಕಿಗೆ ಕೂರಿಸುವ, ಡಿಗ್ರಿ ಗುರುತಿರುವ ತಟ್ಟೆ) ಇಟ್ಟು, 1 ಮಿ.ಮೀ.ಗೆ ಅಳೆದೆ. ಕಂಪನಿಯದ್ದು 207 ಡಿಗ್ರಿ. ಚಿಕ್ಕದು 238, ಚೀಟಿಯಲ್ಲಿ ಬರೆದ ಹಾಗೆಯೇ. ದೊಡ್ಡದು 262. ನನ್ನ ತಲೆಯಲ್ಲಿ 52 ಡಿಗ್ರಿ ಇದ್ದ ಅಂತರ 24ಕ್ಕೆ ಇಳಿಯಿತು. ನಾನು "ಸಪ್ಪೆ ಕ್ಯಾಮ್" ಎಂದು ಪಕ್ಕಕ್ಕಿಟ್ಟಿದ್ದು ಕಂಪನಿಯದ್ದಕ್ಕಿಂತ 31 ಡಿಗ್ರಿ ಜಾಸ್ತಿ ಇತ್ತು. ಮೊದಲೇ ಅಳೆದಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು.

ಇಷ್ಟಾದರೂ ಡ್ಯುರೇಷನ್ ಒಂದನ್ನೇ ನೋಡಿ ಕ್ಯಾಮ್ ಆರಿಸಬೇಡಿ ಅನ್ನುತ್ತೇನೆ. ನನ್ನ ಕಣ್ಣು ಈಗ ಮೊದಲು ಹೋಗುವುದು ಇನ್‌ಟೇಕ್ ವಾಲ್ವ್ ಯಾವಾಗ ಮುಚ್ಚುತ್ತದೆ ಎಂಬ ಸಾಲಿಗೆ. ಪಿಸ್ಟನ್ ಕೆಳಗಿನ ತುದಿ ಮುಟ್ಟಿ ಮೇಲೆ ಬರಲು ಶುರು ಮಾಡಿದ ಮೇಲೂ ಇನ್‌ಟೇಕ್ ಸ್ವಲ್ಪ ಹೊತ್ತು ತೆರೆದಿರುತ್ತದೆ. ಕಂಪನಿ ಕ್ಯಾಮಿನಲ್ಲಿ 25 ಡಿಗ್ರಿ, 238ರಲ್ಲಿ 44, 290ರಲ್ಲಿ 58. ಡಿಗ್ರಿಯಲ್ಲಿ ಹೇಳಿದರೆ ನನಗೂ ಏನೂ ಅನಿಸುತ್ತಿರಲಿಲ್ಲ. ಒಂದು ಸಂಜೆ ಹೆಡ್ ಬಿಚ್ಚಿಟ್ಟಿದ್ದಾಗ ಡಿಗ್ರಿ ವೀಲ್ ಹಾಗೇ ಇತ್ತು. ಸುಮ್ನೆ ಕುತೂಹಲಕ್ಕೆ ಕ್ರ್ಯಾಂಕನ್ನು ಆ ಮೂರು ಜಾಗಕ್ಕೆ ತಿರುಗಿಸಿ, ಕ್ಯಾಲಿಪರಿನ ಬಾಲ ಇಳಿಸಿ, ಪಿಸ್ಟನ್ ಕೆಳಗಿನಿಂದ ಎಷ್ಟು ಮೇಲೆ ಬಂದಿದೆ ಎಂದು ಅಳೆದೆ. ಕಂಪನಿ ಕ್ಯಾಮಿಗೆ 2 ಮಿ.ಮೀ. 238ಕ್ಕೆ 6. 290ಕ್ಕೆ ಹತ್ತೂವರೆ! 57.8ರ ಸ್ಟ್ರೋಕಿನಲ್ಲಿ ಹತ್ತೂವರೆ ಮಿಲಿಮೀಟರ್ ಮೇಲೆ ಬರುವವರೆಗೂ ಬಾಗಿಲು ತೆರೆದೇ ಇದೆ. ಹೆಡ್ ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್ ತೆಳುವಾಗಿಸಿ ಗಳಿಸಿದ ಕಂಪ್ರೆಷನ್ ಆ ಬಾಗಿಲಿನಿಂದ ವಾಪಸ್ ಕಾರ್ಬ್ಯುರೇಟರ್ ಕಡೆಗೆ ಹೋಗುತ್ತಿದೆ. ಕಂಪ್ರೆಷನ್ ಗೇಜ್ ಹಾಕಿದಾಗ 175 ಪಿಎಸ್‌ಐ ಇದ್ದದ್ದು 140ಕ್ಕೆ ಯಾಕೆ ಬಿತ್ತು, ರಿಂಗ್ ಹೋಯಿತೇ ಎಂದು ತಲೆ ಕೆಡಿಸಿಕೊಂಡಿದ್ದೆ. ಉತ್ತರ ಕ್ಯಾಲಿಪರಿನಲ್ಲಿತ್ತು.

ಹಾಗಾದರೆ ರೇಸಿನವರು ಯಾಕೆ ತಡವಾಗಿ ಮುಚ್ಚುತ್ತಾರೆ? ಗಾಳಿಗೂ ತೂಕ ಇದೆ, ಅದಕ್ಕೆ. 9000 ಆರ್‌ಪಿಎಂನಲ್ಲಿ ಪೋರ್ಟಿನೊಳಗೆ (ವಾಲ್ವಿಗೆ ಹೋಗುವ ಗಾಳಿಯ ದಾರಿ) ನುಗ್ಗಿ ಬರುವ ಗಾಳಿ, ಪಿಸ್ಟನ್ ಮೇಲೆ ಬರುತ್ತಿದ್ದರೂ ಓಟದ ಬಿರುಸಿನಲ್ಲಿ ಇನ್ನಷ್ಟು ಒಳಗೆ ತುಂಬಿಕೊಳ್ಳುತ್ತದೆ. 3500ರಲ್ಲಿ ಆ ಬಿರುಸು ಇರುವುದಿಲ್ಲ, ಪಿಸ್ಟನ್ ತಳ್ಳಿದರೆ ಹೊರಗೆ ಹೋಗುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಕೊಡುವ ಕ್ಯಾಮ್ ಕೆಳಗೆ ಕಿತ್ತುಕೊಳ್ಳುವುದು ಇದೇ ಕಾರಣಕ್ಕೆ.

290 ಹಾಕಿದ ಮೊದಲ ದಿನ ಇನ್ನೂ ನೆನಪಿದೆ. ಸ್ಟಾರ್ಟ್ ಆಗಲು ಹನ್ನೊಂದು ಕಿಕ್. 1400ರಲ್ಲಿ ನಿಲ್ಲುತ್ತಿದ್ದ ಐಡಲ್ ಈಗ 2200ಕ್ಕಿಂತ ಕೆಳಗೆ ಬಂದರೆ ಎರಡು ಸಲ ಕೆಮ್ಮಿ ಆಫ್. ನಿಂತಲ್ಲಿ ನಿಂತು ಕುಣಿಯುವ ಆ ಸದ್ದು ಕೇಳಲು ಮಜವಾಗಿತ್ತು, ಸುಳ್ಳು ಹೇಳುವುದಿಲ್ಲ. ಫಿಲ್ಟರ್ ಬಿಚ್ಚಿ ನೋಡಿದರೆ ಕಾರ್ಬ್ಯುರೇಟರಿನ ಬಾಯಿಯ ಹೊರಗೆ ಪೆಟ್ರೋಲಿನ ಮಂಜು ತೇಲುತ್ತಿತ್ತು, ಒಳಗೆ ಹೋದದ್ದು ವಾಪಸ್ ಉಗುಳಿದ ಹಾಗೆ. ಫಿಲ್ಟರಿನ ಸ್ಪಂಜು ವಾರಕ್ಕೊಮ್ಮೆ ಒದ್ದೆ. 3000ದಿಂದ 5500ರವರೆಗೆ ಥ್ರಾಟಲ್ ತಿರುಗಿಸಿದರೆ ಸದ್ದು ಬರುತ್ತಿತ್ತು, ಬೈಕ್ ಬರುತ್ತಿರಲಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ ಮೂರನೇ ಗೇರಿಗೂ ಮಿಡುಕಾಡಿ ಎರಡಕ್ಕೆ ಇಳಿಸಬೇಕಾಯಿತು. ಮೂಲ 149 ಸಿಸಿಯಲ್ಲಿ ಅದೇ ಏರನ್ನು ಮೂರರಲ್ಲಿ ಹತ್ತುತ್ತಿದ್ದೆ.

ಆದರೆ 7000 ದಾಟಿದ ಮೇಲೆ! ಅಲ್ಲಿ ಅದು ಬೇರೆಯೇ ಗಾಡಿ. ಯಾರೋ ಹಿಂದಿನಿಂದ ತಳ್ಳಿದ ಹಾಗೆ 9500ರವರೆಗೆ ಒಂದೇ ಉಸಿರು. ಆ ಎರಡೂವರೆ ಸಾವಿರದ ಆಸೆಗೇ ನಾಲ್ಕು ತಿಂಗಳು ಬಿಚ್ಚದೆ ಇಟ್ಟುಕೊಂಡೆ. ಸರಿಯಾಗಿ ಓಡಿಸಬೇಕಾದರೆ ಹಿಂದಿನ ಸ್ಪ್ರಾಕೆಟ್ ದೊಡ್ಡದು ಮಾಡಬೇಕು, ಕಾರ್ಬ್ಯುರೇಟರ್ ಬದಲಿಸಬೇಕು, ಕಂಪ್ರೆಷನ್ ಇನ್ನೂ ಏರಿಸಬೇಕು, ಪ್ರತಿ ಗೇರಿನಲ್ಲೂ ಸೂಜಿಯನ್ನು ಮೇಲೆಯೇ ಹಿಡಿಯಬೇಕು. ಟ್ರ್ಯಾಕಿನಲ್ಲಿ ಓಡಿಸುವವರು ಹಾಗೇ ಮಾಡುತ್ತಾರೆ. ಅವರಿಗೆ ಇದು ಕೆಟ್ಟ ಕ್ಯಾಮ್ ಅಲ್ಲವೇ ಅಲ್ಲ. ಅಳತೆಗೆ ಸರಿಯಾಗಿತ್ತು, ಎರಡೂ ಲೋಬ್ ಒಂದೇ ಸಮ ಇದ್ದವು, ಮೇಲ್ಮೈ ಕನ್ನಡಿಯ ಹಾಗಿತ್ತು. ಕೊಂಡವನು ತಪ್ಪು, ಅಷ್ಟೇ.

ಐಡಲ್ ಕುಣಿತಕ್ಕೆ ಓವರ್‌ಲ್ಯಾಪ್ ಕಾರಣ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಇನ್‌ಟೇಕ್ ತೆರೆಯುತ್ತದೆ, ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಅದು. ಜೋರಾಗಿ ಓಡುವಾಗ ಹೊರಹೋಗುವ ಹೊಗೆ ತನ್ನ ಹಿಂದೆ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ, ಒಳ್ಳೆಯದು. ನಿಧಾನವಾಗಿ ಓಡುವಾಗ ಹೊಗೆಯೇ ಇನ್‌ಟೇಕಿಗೆ ನುಗ್ಗುತ್ತದೆ. 1 ಮಿ.ಮೀ. ಲೆಕ್ಕದಲ್ಲಿ ನನ್ನ ಕಂಪನಿ ಕ್ಯಾಮಿನ ಓವರ್‌ಲ್ಯಾಪ್ ಬರೀ 2 ಡಿಗ್ರಿ, 238ರದ್ದು 26, 290ರದ್ದು 48. ಇದು ಎಷ್ಟು ದೊಡ್ಡ ವಿಷಯ ಎಂದರೆ ಡುಕಾಟಿಯವರು ಇಂಜಿನಿನ ಹೆಸರಲ್ಲೇ ಅದನ್ನು ಹಾಕಿದ್ದಾರೆ. 2010ರ ಮಲ್ಟಿಸ್ಟ್ರಾಡಾ 1200ರ ಟೆಸ್ಟಾಸ್ಟ್ರೆಟ್ಟಾ 11 ಡಿಗ್ರಿ ಇಂಜಿನ್ ಕೇಳಿರುತ್ತೀರಿ. ಆ 11 ಅಂದರೆ ಓವರ್‌ಲ್ಯಾಪ್. ಅದರ ಮೂಲವಾದ ಸೂಪರ್‌ಬೈಕ್ ಇಂಜಿನಿನಲ್ಲಿ ಅದು 41 ಇತ್ತು. ರಸ್ತೆಯಲ್ಲಿ ದೂರ ಹೋಗುವ ಬೈಕಿಗೆ ಬೇಕಾದ ಹಾಗೆ ಅಷ್ಟು ಕಡಿಮೆ ಮಾಡಿದರು. ನಾವು ಉಲ್ಟಾ ದಾರಿಯಲ್ಲಿ ಹೋಗಿ ರಸ್ತೆ ಬೈಕಿಗೆ ರೇಸಿನ ಓವರ್‌ಲ್ಯಾಪ್ ಹುಡುಕುತ್ತೇವೆ.

ಕೆಳಗೂ ಬೇಕು, ಮೇಲೂ ಬೇಕು ಅನ್ನುವವರಿಗೆ ಕಂಪನಿಗಳು ಬೇರೆ ಉಪಾಯ ಮಾಡಿವೆ. ಹೋಂಡಾ 1999ರ ಸಿಬಿ400 ಸೂಪರ್ ಫೋರಿನಲ್ಲಿ 6750 ಆರ್‌ಪಿಎಂವರೆಗೆ ಪ್ರತಿ ಸಿಲಿಂಡರಿಗೆ ಎರಡೇ ವಾಲ್ವ್ ಓಡಿಸಿ, ಆಮೇಲೆ ನಾಲ್ಕನ್ನೂ ಎಬ್ಬಿಸಿತು. ಬಿಎಂಡಬ್ಲ್ಯು ಆರ್1250ಜಿಎಸ್‌ನಲ್ಲಿ ಇನ್‌ಟೇಕ್ ಕ್ಯಾಮ್ ಪಕ್ಕಕ್ಕೆ ಸರಿದು ಒಂದು ಲೋಬಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಅಷ್ಟೆಲ್ಲ ಖರ್ಚು ಮಾಡಿ ಅವರು ಬಿಡಿಸಿದ ಗಂಟನ್ನು ಒಂದೇ ಲೋಬಿನ ಕಬ್ಬಿಣದ ತುಂಡು ಬಿಡಿಸುತ್ತದೆ ಎಂದು ನಾನು ನಂಬಿದ್ದೆ, ನೋಡಿ.

ಇನ್ನು ಲಿಫ್ಟ್. ಇದರ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ವಾಲ್ವ್ ಜಾಸ್ತಿ ಎದ್ದರೆ ಕೆಳಗಿನ ಪಿಕಪ್ ಸಾಯುವುದಿಲ್ಲ, ತಡವಾಗಿ ಮುಚ್ಚಿದರೆ ಸಾಯುತ್ತದೆ. ಒಂದು ಸುಲಭ ಲೆಕ್ಕ ಇದೆ: ವಾಲ್ವ್ ತನ್ನ ವ್ಯಾಸದ ಕಾಲು ಭಾಗ ಎದ್ದಾಗ ಸುತ್ತಲಿನ ಸಂದು ವಾಲ್ವಿನ ಬಾಯಿಯಷ್ಟೇ ಆಗುತ್ತದೆ. ನನ್ನ 31ರ ವಾಲ್ವಿಗೆ 7.75 ಮಿ.ಮೀ. ಕಂಪನಿ ಕ್ಯಾಮ್ 6.6ಕ್ಕೇ ನಿಲ್ಲಿಸುತ್ತಿತ್ತು. 238ರದ್ದು 8.1, 290ರದ್ದು 8.9. ಕಾಲು ಭಾಗ ದಾಟಿದ ಮೇಲೂ ಒಳ್ಳೆಯ ಪೋರ್ಟ್ ಇದ್ದರೆ ಸ್ವಲ್ಪ ಲಾಭ ಇದೆ. ಆದರೆ ನನ್ನ ಪೋರ್ಟ್ ನಾನೇ ಎಮರಿ ಹಚ್ಚಿ ಉಜ್ಜಿದ್ದು. ಅದಕ್ಕೆ 8.1 ಸಾಕು.

ಲಿಫ್ಟ್ ತರುವ ತೊಂದರೆ ಬೇರೆ ಕಡೆ, ಸ್ಪ್ರಿಂಗಿನಲ್ಲಿ. ಕಂಪನಿ ಸ್ಪ್ರಿಂಗ್ ಕೂತಾಗ ನನ್ನ ಹೆಡ್ಡಿನಲ್ಲಿ 32 ಮಿ.ಮೀ. ಎತ್ತರ. ವೈಸಿನಲ್ಲಿ ಸುರುಳಿ ಸುರುಳಿಗೆ ಅಂಟುವವರೆಗೆ ಒತ್ತಿದರೆ 22.4. ಅಂದರೆ 9.6 ಮಿ.ಮೀ. ಓಡಾಟಕ್ಕೆ ಜಾಗ. 8.1 ಎದ್ದರೆ ಒಂದೂವರೆ ಉಳಿಯುತ್ತದೆ, 8.9 ಎದ್ದರೆ ಮುಕ್ಕಾಲಿಗೂ ಕಡಿಮೆ. ಕನಿಷ್ಠ 1 ಮಿ.ಮೀ. ಉಳಿಯದಿದ್ದರೆ ಹಾಕಬೇಡಿ. ಸ್ಪ್ರಿಂಗ್ ಕಟ್ಟಿಕೊಂಡ ಕ್ಷಣ ರಾಕರ್ ಮುರಿಯುತ್ತದೆ, ಇಲ್ಲವೇ ಲೋಬ್ ಹೋಗುತ್ತದೆ. 290ಕ್ಕೆ ಹೊಸ ಸ್ಪ್ರಿಂಗ್ ಬೇಕೇ ಬೇಕಾಯಿತು, ಮಾರಿದವರು ಅದನ್ನು ಹೇಳಿರಲಿಲ್ಲ. ಇನ್ನೊಂದು, ಸ್ಪ್ರಿಂಗನ್ನು ಮೇಲಿನಿಂದ ಹಿಡಿದಿರುವ ರಿಟೇನರ್ ಕೆಳಗಿಳಿದಾಗ ವಾಲ್ವ್ ಗೈಡಿನ ಆಯಿಲ್ ಸೀಲಿಗೆ ತಾಗುವುದಿಲ್ಲ ತಾನೇ ಎಂದೂ ನೋಡಿಕೊಳ್ಳಿ.

ಸ್ಪ್ರಿಂಗಿನ ಬಲ ಇನ್ನೊಂದು ಲೆಕ್ಕ. ವಾಲ್ವನ್ನು ಲೋಬಿನ ಜೊತೆಗೇ ವಾಪಸ್ ತರಲು ಬೇಕಾದ ಬಲ ಆರ್‌ಪಿಎಂನ ವರ್ಗದಂತೆ ಏರುತ್ತದೆ. 8500ರಿಂದ 9500ಕ್ಕೆ ಹೋದರೆ ಸಾವಿರವೇ ತಾನೇ ಅನಿಸುತ್ತದೆ, ಬಲ ಮಾತ್ರ ಕಾಲು ಭಾಗ ಜಾಸ್ತಿ ಬೇಕು. ಸಾಲದಿದ್ದರೆ ವಾಲ್ವ್ ಲೋಬನ್ನು ಬಿಟ್ಟು ಹಾರುತ್ತದೆ. ಇದೇ ಕಾಟ ತಪ್ಪಿಸಲು ಡುಕಾಟಿಯ ಫಾಬಿಯೋ ಟಾಲಿಯೋನಿ 1956ರಲ್ಲೇ 125ರ ರೇಸ್ ಬೈಕಿನಲ್ಲಿ ವಾಲ್ವ್ ಮುಚ್ಚಲಿಕ್ಕೂ ಕ್ಯಾಮನ್ನೇ ಹಾಕಿದ್ದು. ನಮ್ಮಂಥವರಿಗೆ ಸ್ಪ್ರಿಂಗೇ ಗತಿ. ಹಾಗೆಂದು ಗಟ್ಟಿ ಸ್ಪ್ರಿಂಗ್ ಹಾಕಿದರೆ ಚಪ್ಪಟೆ ಪ್ಯಾಡಿನ ರಾಕರ್ ಲೋಬನ್ನು ತಿನ್ನುತ್ತದೆ. 238ಕ್ಕೆ ನಾನು ಕಂಪನಿ ಸ್ಪ್ರಿಂಗನ್ನೇ ಹೊಸದು ತಂದು ಹಾಕಿದೆ, 9000ಕ್ಕೆ ಲಿಮಿಟ್ ಇಟ್ಟುಕೊಂಡಿದ್ದೇನೆ.

ಪಿಸ್ಟನ್ನಿಗೆ ವಾಲ್ವ್ ತಾಗುತ್ತದೆಯೇ ಎಂಬ ಪರೀಕ್ಷೆ ಮಾಡದೆ ಯಾರೂ ಕಿಕ್ ಹೊಡೆಯಬೇಡಿ. ಮಕ್ಕಳು ಆಡುವ ಮೇಣದಂಥ ಜೇಡಿ ಸಾಕು. ಪಿಸ್ಟನ್ ಮೇಲೆ ವಾಲ್ವ್ ಬರುವ ಎರಡು ಜಾಗಕ್ಕೆ ತಟ್ಟಿ, ಅಂಟದಿರಲು ಮೇಲೆ ಎಣ್ಣೆ ಸವರಿ, ಹೆಡ್ ಕೂರಿಸಿ ಟಾರ್ಕ್ ಕೊಟ್ಟು, ಟ್ಯಾಪೆಟ್ ಸರಿ ಮಾಡಿ, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಎರಡು ಸುತ್ತು ಕೈಯಲ್ಲೇ ತಿರುಗಿಸಬೇಕು. ಆಮೇಲೆ ಬಿಚ್ಚಿ, ಜೇಡಿಯನ್ನು ಬ್ಲೇಡಿನಿಂದ ಅಡ್ಡ ಕೊಯ್ದು, ಅತಿ ತೆಳು ಜಾಗವನ್ನು ಅಳೆಯಬೇಕು. ಇನ್‌ಟೇಕ್ ವಾಲ್ವ್ ಪಿಸ್ಟನ್ನಿಗೆ ಅತಿ ಹತ್ತಿರ ಬರುವುದು ಮೇಲಿನ ತುದಿ ದಾಟಿ ಸುಮಾರು 10 ಡಿಗ್ರಿ ಆದಾಗ, ಎಕ್ಸಾಸ್ಟ್ ಅಷ್ಟೇ ಮೊದಲು. ನಾನು ಇನ್‌ಟೇಕಿಗೆ 1, ಎಕ್ಸಾಸ್ಟಿಗೆ 1.5 ಮಿ.ಮೀ.ಗಿಂತ ಕೆಳಗೆ ಇಳಿಯುವುದಿಲ್ಲ. 290ರಲ್ಲಿ ಇನ್‌ಟೇಕ್ ಜೇಡಿ 0.7ಕ್ಕೆ ಬಂತು. ಜೇಡಿಯ ಮೇಲೆ ವಾಲ್ವಿನ ಅಂಚು ನಾಣ್ಯದ ಅಚ್ಚಿನಷ್ಟು ಸ್ಪಷ್ಟವಾಗಿ ಮೂಡಿತ್ತು. ಪಿಸ್ಟನ್ ಕಳಚಿ, ವಾಲ್ವಿಗೆ ಜಾಗ ಬಿಡುವ ಪಾಕೆಟ್ ಆಳ ಮಾಡಿಸಬೇಕಾಯಿತು. ಡಬ್ಬಿಯ ಮೇಲೆ "ನೇರವಾಗಿ ಕೂರುತ್ತದೆ" ಎಂದಿತ್ತು! ಕೂತಿತು ನಿಜ, ತಿರುಗಿದ್ದರೆ ಗೊತ್ತಾಗುತ್ತಿತ್ತು.

ಈಗ 238 ಕೂರಿಸಿದ ದಿನಕ್ಕೆ ಬರುತ್ತೇನೆ. ಚೀಟಿಯ ಪ್ರಕಾರ ಇನ್‌ಟೇಕ್ ಲೋಬಿನ ನಡು ಮೇಲಿನ ತುದಿಯಿಂದ 105 ಡಿಗ್ರಿಗೆ ಬರಬೇಕು. ಗುರುತಿಗೆ ಗುರುತು ಕೂಡಿಸಿ ಹಾಕಿ ಅಳೆದರೆ 109. ನಾಲ್ಕು ಡಿಗ್ರಿ ತಡ. ಇನ್‌ಟೇಕ್ 44ರ ಬದಲು 48ಕ್ಕೆ ಮುಚ್ಚುತ್ತಿದೆ. ಮೊದಲು ಕ್ಯಾಮ್ ಮಾಡಿದವರನ್ನೇ ಬೈದೆ. ಆಮೇಲೆ ಹೊಳೆಯಿತು, ಅರ್ಧ ತಪ್ಪು ನನ್ನದೇ. ಹೆಡ್ ಅರ್ಧ ಮಿಲಿಮೀಟರ್ ಕೆಳಗಿಳಿದರೆ ಕ್ಯಾಮೂ ಕ್ರ್ಯಾಂಕಿಗೆ ಅಷ್ಟು ಹತ್ತಿರ ಬರುತ್ತದೆ. ಕ್ಯಾಮ್ ತಿರುಗಿಸುವ ಚೈನಿನ ಎಳೆಯುವ ಬದಿ ಗಿಡ್ಡವಾಗಿ, ಉಳಿದ ಸಡಿಲವನ್ನು ಟೆನ್ಷನರ್ ಇನ್ನೊಂದು ಬದಿಯಲ್ಲಿ ತಿಂದು, ಕ್ಯಾಮ್ ಹಿಂದೆ ಬೀಳುತ್ತದೆ. ನನ್ನ 34 ಹಲ್ಲಿನ ಕ್ಯಾಮ್ ಸ್ಪ್ರಾಕೆಟ್ಟಿಗೆ ಅದು ಕ್ರ್ಯಾಂಕ್ ಲೆಕ್ಕದಲ್ಲಿ ಹತ್ತಿರಹತ್ತಿರ 1.7 ಡಿಗ್ರಿ. ಉಳಿದ ಎರಡು ಚಿಲ್ಲರೆ ಡಿಗ್ರಿ ಮಾತ್ರ ಸ್ಪ್ರಾಕೆಟ್, ಚೈನು, ಕ್ಯಾಮು ಹಂಚಿಕೊಳ್ಳಬೇಕು.

ಒಂದು ಹಲ್ಲು ಹಾರಿಸಿ ಸರಿ ಮಾಡೋಣ ಅನ್ನುವ ಹಾಗಿಲ್ಲ. ಒಂದು ಹಲ್ಲು ಅಂದರೆ ಕ್ರ್ಯಾಂಕಿನ 21 ಡಿಗ್ರಿ. ಸ್ಪ್ರಾಕೆಟ್ಟಿನ ಎರಡು ಬೋಲ್ಟ್ ತೂತುಗಳನ್ನೇ ಸ್ವಲ್ಪ ಉದ್ದ ಮಾಡಬೇಕು. ಕ್ರ್ಯಾಂಕಿನ 4 ಅಂದರೆ ಕ್ಯಾಮಿನ 2 ಡಿಗ್ರಿ. ಬೋಲ್ಟ್ ಇರುವುದು ನಡುವಿನಿಂದ 15 ಮಿ.ಮೀ. ದೂರದಲ್ಲಿ, ಹಾಗಾಗಿ ಅರ್ಧ ಮಿಲಿಮೀಟರ್ ಅರ ಹೊಡೆದರೆ ಸಾಕು. ದುಂಡನೆಯ ಸೂಜಿ ಅರ ತೆಗೆದುಕೊಂಡು ಹತ್ತು ಸಲ ಉಜ್ಜು, ಹಾಕು, ಅಳೆ, ಮತ್ತೆ ಬಿಚ್ಚು. ಯಾವ ಕಡೆಗೆ ಉಜ್ಜಬೇಕು ಎಂದು ಮಾರ್ಕರಿನಿಂದ ಬಾಣ ಹಾಕಿಕೊಂಡಿದ್ದೆ, ಆದರೂ ಒಮ್ಮೆ ತಪ್ಪು ಕಡೆಗೆ ಅರ ಇಟ್ಟು ಬೆವತೆ. ಕೊನೆಗೆ 105ಕ್ಕೆ ಬಂತು. ಬೋಲ್ಟಿಗೆ ಲಾಕ್ ಹಾಕುವ ಅಂಟು ಹಚ್ಚಿ ಸರಿಯಾದ ಟಾರ್ಕಿಗೆ ಬಿಗಿದೆ. ಜೇಡಿ ಪರೀಕ್ಷೆ ಮತ್ತೊಮ್ಮೆ: ಇನ್‌ಟೇಕ್ 1.9 ಇದ್ದದ್ದು 1.6 ಆಯಿತು, ಎಕ್ಸಾಸ್ಟ್ 1.8 ಇದ್ದದ್ದು 2.1. ಕ್ಯಾಮ್ ಮುಂದೆ ಸರಿಸಿದರೆ ಹೀಗೇ ಒಂದು ಹತ್ತಿರ ಬಂದು ಇನ್ನೊಂದು ದೂರ ಹೋಗುತ್ತದೆ.

ಲೋಬ್ ಸೆಪರೇಷನ್ (ಇನ್‌ಟೇಕ್, ಎಕ್ಸಾಸ್ಟ್ ಲೋಬುಗಳ ನಡುವಿನ ಕೋನ) ಎಂಬ ಮತ್ತೊಂದು ನಂಬರಿನ ಬಗ್ಗೆ ಜನ ತುಂಬಾ ಮಾತಾಡುತ್ತಾರೆ. ನನ್ನ ಎರಡೂ ಕ್ಯಾಮಿನಲ್ಲಿ ಅದು 107ರ ಆಸುಪಾಸು. ಅದರಿಂದ ನನಗೇನೂ ತಿಳಿಯಲಿಲ್ಲ, ಬಿಡಿ.

ಹೊಸ ಕ್ಯಾಮಿನ ಮೊದಲ ಇಪ್ಪತ್ತು ನಿಮಿಷ ಅದರ ಆಯಸ್ಸನ್ನು ಬರೆಯುತ್ತದೆ. ಲೋಬ್ ಮತ್ತು ರಾಕರ್ ಪ್ಯಾಡಿಗೆ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿ, ಸ್ಟಾರ್ಟ್ ಆದ ತಕ್ಷಣ 2000ದಿಂದ 2500ರ ನಡುವೆ ಏರಿಸಿ ಇಳಿಸಿ ಓಡಿಸಿದೆ. ಐಡಲಿನಲ್ಲಿ ಬಿಡಬಾರದು, ನಿಧಾನವಾಗಿ ತಿರುಗುವಾಗಲೇ ಸ್ಪ್ರಿಂಗಿನ ಪೂರ್ತಿ ಒತ್ತಡ ಲೋಬಿನ ಮೂಗಿನ ಮೇಲೆ ಬೀಳುವುದು, ಎಣ್ಣೆ ಬರುವುದೂ ಆಗಲೇ ಕಡಿಮೆ. ಇದಕ್ಕಾಗಿ ಕಾರ್ಬ್ಯುರೇಟರ್ ಮೊದಲೇ ಸರಿ ಇರಬೇಕು, ಪದೇ ಪದೇ ಕಿಕ್ ಹೊಡೆಯುತ್ತಾ ಕೂರುವ ಹಾಗಿಲ್ಲ. ಪೆಟ್ರೋಲ್ ಬಿಡುವ ಪೈಲಟ್ ಜೆಟ್ ಒಂದು ಸೈಜ್ ಮೇಲೆ, ಮೇನ್ ಜೆಟ್ 110ರಿಂದ 118ಕ್ಕೆ ಹೋದೆ.

ಫಲ? ಐಡಲ್ 1500ರಲ್ಲಿ ನಿಲ್ಲುತ್ತದೆ, ಸ್ವಲ್ಪ ಉಬ್ಬಸ ಇದೆ, ಅದು ನನಗೆ ಇಷ್ಟ. 3000ಕ್ಕಿಂತ ಕೆಳಗೆ ಕಂಪನಿ ಕ್ಯಾಮಿಗಿಂತ ಸ್ವಲ್ಪ ಮಂಕು. 4000ದಲ್ಲಿ ಸಮ. 5000 ದಾಟಿದ ಮೇಲೆ ಕಂಪನಿ ಕ್ಯಾಮ್ ನೆನಪಿಗೂ ಬರುವುದಿಲ್ಲ. ಅದು 7500ಕ್ಕೆ ಉಸಿರು ಬಿಡುತ್ತಿತ್ತು, ಇದು 8800ರವರೆಗೂ ಎಳೆಯುತ್ತದೆ. ಆ ಏರನ್ನು ಹಿಂದೆ ಒಬ್ಬರನ್ನು ಕೂರಿಸಿಕೊಂಡು ನಾಲ್ಕನೇ ಗೇರಿನಲ್ಲಿ ಹತ್ತುತ್ತೇನೆ. 290ರ ಆ ಕೊನೆಯ ತಳ್ಳು ಇಲ್ಲ. ಕೆಲವು ಸಲ ಅದು ನೆನಪಾಗುತ್ತದೆ, ಸಿಗ್ನಲ್ ಬಿದ್ದ ತಕ್ಷಣ ಮರೆಯುತ್ತದೆ.

ಮಾರಾಟಗಾರರ ಬಗ್ಗೆ ಎರಡು ಮಾತು. 290 ಕೊಟ್ಟವರು ಕೇಳಿದ್ದು ಬೈಕಿನ ಮಾಡೆಲ್ ಮತ್ತು ವರ್ಷ, ಅಷ್ಟೇ. 238 ಮಾಡಿದವರಿಗೆ ಫೋನ್ ಮಾಡಿದರೆ ಅವರೇ ಶುರು ಮಾಡಿದರು. "ಬೋರ್ ಎಷ್ಟು ಸಾರ್? ಕಂಪ್ರೆಷನ್? ವಾಲ್ವ್ ಸೈಜ್ ಕಂಪನಿದೇನಾ? ದಿನಾ ಎಷ್ಟು ಆರ್‌ಪಿಎಂನಲ್ಲಿ ಓಡಿಸ್ತೀರಾ?" ನಾನು ದೊಡ್ಡ ಗಂಟಲಲ್ಲಿ ಹತ್ತು ಸಾವಿರ ಅಂದೆ. "ದಿನಾ ಹತ್ತು ಸಾವಿರನಾ?" ಎಂದರು. ಸುಮ್ಮನಾದೆ. ಹಾಗೆ ಕೇಳುವವರ ಹತ್ತಿರ ಕೊಳ್ಳಿ. ಚೀಟಿಯಲ್ಲಿ ತೆರೆಯುವ, ಮುಚ್ಚುವ ನಾಲ್ಕು ಡಿಗ್ರಿ, ಯಾವ ಲಿಫ್ಟಿನಲ್ಲಿ ಅಳೆದದ್ದು, ಲೋಬಿನ ನಡು, ಟ್ಯಾಪೆಟ್ ಸಂದು ಇಷ್ಟೂ ಇರಬೇಕು. ನನ್ನದರಲ್ಲಿ ಸಂದು 0.10 ಮತ್ತು 0.15 ಎಂದಿದೆ, ಕಂಪನಿಯ ಸಂದನ್ನೇ ಇಟ್ಟರೆ ಡ್ಯುರೇಷನ್ ಬದಲಾಗಿಬಿಡುತ್ತದೆ.

ಗ್ರೈಂಡ್ ಮಾಡಿಸಿದ ಮೊದಲ ಕ್ಯಾಮಿನ ಕಥೆ ಬಾಕಿ ಇದೆ. ಲೋಬಿನ ಮೂಗಿಗೆ ಲೋಹ ಸೇರಿಸದೆ ಲಿಫ್ಟ್ ಜಾಸ್ತಿ ಮಾಡಬೇಕಾದರೆ ಹಿಂಬದಿಯ ದುಂಡು ಭಾಗವನ್ನು ಸವೆಸಬೇಕು. ನನ್ನದರಲ್ಲಿ ಹೆಚ್ಚೂ ಕಡಿಮೆ ಒಂದು ಮಿ.ಮೀ. ತೆಗೆದಿದ್ದರು. ರಾಕರ್ ಅಷ್ಟು ಕೆಳಗೆ ಕೂತು, ಟ್ಯಾಪೆಟ್ ಸ್ಕ್ರೂ ಹೊರಗೆ ಬಂದು, ಲಾಕ್ ನಟ್ಟಿಗೆ ಹಿಡಿಯಲು ಎರಡೇ ಎಳೆ ಉಳಿದಿತ್ತು. ಸ್ಕ್ರೂ ತುದಿ ವಾಲ್ವ್ ಕಡ್ಡಿಯ ನಡುವನ್ನು ಬಿಟ್ಟು ಅಂಚಿಗೆ ಒತ್ತುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಬದಿಗಳನ್ನೂ ಉಜ್ಜಿದ್ದರಿಂದ ಗಟ್ಟಿ ಪದರವೇ ಹೋಗಿತ್ತು. ಟಕ್ ಟಕ್ ಸದ್ದು ಶುರುವಾಗಿ ಬಿಚ್ಚಿದರೆ ಇನ್‌ಟೇಕ್ ಲೋಬಿನ ಬದಿಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು, ಆಯಿಲ್ ಜಾಲರಿಯಲ್ಲಿ ಮಿನುಗುವ ಪುಡಿ. ಮಾಡಿಕೊಟ್ಟವರು ನೋಡಿ, "ನೀವು ಆಯಿಲ್ ಸರಿಯಾಗಿ ಹಾಕಿಲ್ಲ" ಅಂದರು. ಅಲ್ಲಿಗೆ ಮಾತು ಮುಗಿಯಿತು. ಗ್ರೈಂಡ್ ಮಾಡಿದ್ದೆಲ್ಲ ಹೀಗೇ ಅಲ್ಲ. ವೆಲ್ಡ್ ತುಂಬಿ, ಉಜ್ಜಿ, ಮತ್ತೆ ಗಟ್ಟಿ ಮಾಡಿಕೊಡುವವರ ಕ್ಯಾಮ್ ವರ್ಷಗಟ್ಟಲೆ ಓಡಿದ್ದು ನೋಡಿದ್ದೇನೆ. ಕೊಡುವ ಮೊದಲು ಗಡಸುತನ ಹೇಗೆ ವಾಪಸ್ ತರುತ್ತೀರಿ ಎಂದು ಕೇಳಿ, ಉತ್ತರ ತಡವರಿಸಿದರೆ ಕ್ಯಾಮನ್ನು ವಾಪಸ್ ಜೇಬಿಗೆ ಹಾಕಿಕೊಂಡು ಬನ್ನಿ.

238ರ ಮೇಲೆ ಒಂದೇ ಒಂದು ದೂರು. ಲಿಫ್ಟ್ ಜಾಸ್ತಿಯಾದ್ದರಿಂದ ಇನ್‌ಟೇಕ್ ರಾಕರ್ ಜಾಸ್ತಿ ತೂಗುತ್ತದೆ, ಅದರ ಬಾಲದ ಅಂಚು ಹೆಡ್ ಕವರಿನ ಒಳಮೈಗೆ ಸವರುತ್ತಿತ್ತು. ಮೊದಲ ವಾರ ಟ್ಯಾಪೆಟ್ ಸದ್ದೆಂದು ಮೂರು ಸಲ ಸಂದು ಅಳೆದೆ. ಕೊನೆಗೆ ಕವರ್ ತೆಗೆದು ಬೆಳಕಿಗೆ ಹಿಡಿದಾಗ ಒಳಗೆ ಉಗುರಿನಷ್ಟು ಹೊಳೆಯುವ ಗೆರೆ ಕಂಡಿತು. ಅಲ್ಲಿ ಒಂದು ಮಿಲಿಮೀಟರ್ ಅರ ಹೊಡೆದ ಮೇಲೆ ಸದ್ದು ನಿಂತಿದೆ. ಇದನ್ನು ಚೀಟಿಯಲ್ಲಿ ಒಂದು ಸಾಲು ಬರೆಯಬಹುದಿತ್ತು. ಫೋನ್ ಮಾಡಿ ಹೇಳಿದ್ದೇನೆ, ಮುಂದಿನ ಸಲ ಸೇರಿಸುತ್ತೇವೆ ಅಂದಿದ್ದಾರೆ.